ಹೊಗೆಗೊಳವೆಯ ಮೇಲಿನ ವಿಭೂತಿ

೨೭ ಸೆಪ್ಟೆಂಬರ್ ೧೯೬೪, ಭಾನುವಾರ

ಸ್ನಾನ, ಸಂಧ್ಯಾವಂದನೆ, ಪಾರಾಯಣ ಯಥಾಪ್ರಕಾರ. ಪಿತೃಪಕ್ಷವಾದ್ದರಿಂದ ನೆಂಟರಿಷ್ಟರ ಮನೆಗೆ ಹೋಗಲಿಲ್ಲ. ಪಾರಾಯಣದ ನಡುವೆ ಷೆಡ್ಡಿನಿಂದ ಸುತ್ತಿಗೆಯ ಸದ್ದು. ಎರಡು ಬಾರಿ ತಪ್ಪಿ ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ಮಗ ಸೇತುರಾಮ ಕಾರ್ಖಾನೆಗೆ ರಜವಿದ್ದ ದಿನವೆಲ್ಲ ತನ್ನ ಹಳೆಯ ಕಾರಿನ ಹೊಟ್ಟೆಯೊಳಗೇ ವಾಸ. ಇಂದು ಅದಕ್ಕೆ ಟರ್ಬೊ ಕೂಡಿಸಿ ಮುಗಿಸಿದನಂತೆ. ಪರದೇಶದ ಸಣ್ಣ ಟ್ರಾಕ್ಟರೊಂದು ಕೆಟ್ಟು ಹರಾಜಾದಾಗ ತಂದಿಟ್ಟಿದ್ದ ವಸ್ತು. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿದೆ. ಒಳಗೆ ಒಂದೇ ಅಚ್ಚಿಗೆ ಎರಡು ಚಕ್ರ.

ಕೇಳಿದ್ದಕ್ಕೆ ವಿವರಿಸಿದ. ಎಂಜಿನ್ ಹೊರಬಿಡುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ಶಕ್ತಿ ಹೆಚ್ಚುತ್ತದೆ. ಅಂದರೆ ಅಪಾನವೇ ಪ್ರಾಣವನ್ನು ಪ್ರೇರಿಸುವ ವ್ಯವಸ್ಥೆ. ಕೇಳಿ ಮನಸ್ಸಿಗೆ ಹಿತವಾಯಿತು, ತೋರಿಸಿಕೊಳ್ಳಲಿಲ್ಲ.

ಎಂಜಿನ್ನಿನಿಂದ ನಾಲ್ಕು ಕೊಳವೆಗಳು ಹೊರಟು ಒಂದೇ ಬಾಯಿಯಾಗಿ ಕೂಡುತ್ತವೆ. ಅದನ್ನು ಹೆಡರ್ ಎನ್ನುತ್ತಾನೆ. ತಾನೇ ಬೆಸೆದದ್ದು. ಆ ಬಾಯಿಗೆ ಟರ್ಬೊ ಜೋತುಬಿದ್ದಿದೆ — ಕೆಳಗಿನಿಂದ ಯಾವ ಆಸರೆಯೂ ಇಲ್ಲ.

"ಅಷ್ಟು ಭಾರವನ್ನು ಆ ಕೊಳವೆಗಳು ತಡೆದಾವೇನೋ?" ಎಂದೆ.

"ತಡಿತಾವಪ್ಪ. ನೀವು ಪಾರಾಯಣ ನೋಡ್ಕೊಳ್ಳಿ, ನಾನು ವೆಲ್ಡಿಂಗ್ ನೋಡ್ಕೋತೀನಿ."

ಅಡಿಗೆಮನೆಯಿಂದ ಸೀತಮ್ಮ: "ಇಬ್ರೂ ಊಟ ನೋಡ್ಕೊಳ್ಳಿ. ಸಾರು ಆರ್ತಾ ಇದೆ."

ಸೊಸೆ ಪಂಕಜೆಗೆ ಏಳನೆಯ ತಿಂಗಳು. ಚೊಚ್ಚಲು. ವಿಜಯದಶಮಿಯಂದು ಮೈಸೂರಿನ ತವರಿಗೆ ಕಳುಹಿಸುವುದೆಂದು ದಿನ ನೋಡಿಕೊಟ್ಟಿದ್ದೇನೆ. ಈ ಕಾರಿನಲ್ಲಿಯೇ ಕರೆದೊಯ್ಯುವುದಾಗಿ ಸೇತುವಿನ ಹಠ. ಮಾವನ ಮನೆಯ ಬಾಗಿಲಲ್ಲಿ ಟರ್ಬೊ ಗರ್ಜಿಸಬೇಕಂತೆ.

೨ ಅಕ್ಟೋಬರ್, ಶುಕ್ರವಾರ

ಸೇತುವಿಗೆ ರಜ. ಎಲ್ಲರೂ ಕಾರಿನಲ್ಲಿ ಬನಶಂಕರಿಯ ದರ್ಶನಕ್ಕೆ. ಹಿಂದಿನ ಸೀಟಿನಲ್ಲಿ ಪಂಕಜೆ, ಸೀತಮ್ಮ. ಬಸುರಿಗೆ ಗಾಳಿ ಸೋಕಬಾರದೆಂದು ಎರಡೂ ಕಡೆಯ ಗಾಜು ಏರಿಸಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಶಾಲು ಹೊದೆಸಿದ್ದಾಯಿತು. ಗಾಜು ಏರಿಸಲು ಹೇಳಿದವನು ನಾನೇ. ಮುಂದೆ ನನ್ನ ಪಕ್ಕದ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿದೆ, ಏರದು, ಇಳಿಯದು.

ಏರಿನಲ್ಲಿ ಕಾರು ಆನೆಯಂತೆ ನುಗ್ಗಿತು. ಸೇತು ನನ್ನತ್ತ ನೋಡಿದ. ನಾನು ಹೊರಗೆ ನೋಡಿದೆ.

ಗುಡಿಯಲ್ಲಿ ಇಳಿಯುವಾಗ ಪಂಕಜೆಗೆ ತಲೆನೋವು, ಓಕರಿಕೆ. ಬಸುರಿಗೆ ಸಹಜವೆಂದರು. ಹಿಂತಿರುಗುವಾಗ ಸೀತಮ್ಮನಿಗೂ ತಲೆ ಭಾರ. ದೀಪದ ಎಣ್ಣೆಯ ಕಮಟು ಎಂದಳು. ನನಗೂ ಹಣೆಯಲ್ಲಿ ಕೊಂಚ ಮಿಡಿತ. ನಿನ್ನೆಯ ಏಕಾದಶಿಯ ಉಪವಾಸದ ಫಲವೆಂದುಕೊಂಡೆ. ಒಬ್ಬೊಬ್ಬರ ತಲೆನೋವಿಗೂ ಒಂದೊಂದು ಕಾರಣ ಸಿದ್ಧವಾಗಿತ್ತು.

೬ ಅಕ್ಟೋಬರ್, ಮಂಗಳವಾರ

ನವರಾತ್ರಿ ಆರಂಭ. ಗೊಂಬೆ ಕೂಡಿಸಿದರು. ಸೀತಮ್ಮ ಈ ವರ್ಷ ಮೇಲಿನ ಹಂತಕ್ಕೆ ದಪ್ಪ ಗಾಜಿನ ಹಲಗೆ ಹಾಕಿಸಿದ್ದಾಳೆ. ಪಟ್ಟದ ಗೊಂಬೆಗಳ ಪ್ರತಿಬಿಂಬ ಅದರಲ್ಲಿ ಬೀಳುತ್ತದೆ. ಪಂಕಜೆ ಮೆಟ್ಟಿಲ ಮೇಲೆ ಕುಳಿತು ಹೇಳಿಕೊಡುತ್ತಿದ್ದಳು — ಇದನ್ನಲ್ಲಿಡಿ ಅತ್ತೆ, ಅದನ್ನಿಲ್ಲಿಡಿ ಅತ್ತೆ. ಮನೆಯಲ್ಲಿದ್ದಾಗ ಅವಳಿಗೆ ಯಾವ ನೋವೂ ಇಲ್ಲ. ಇದನ್ನು ಏಕೆ ಬರೆದೆನೋ ತಿಳಿಯದು. ಬರೆದದ್ದಾಯಿತು, ಇರಲಿ.

೧೧ ಅಕ್ಟೋಬರ್, ಭಾನುವಾರ, ಸಂಜೆ

ಬಸವನಗುಡಿಯಲ್ಲಿ ಸೀತಮ್ಮನ ತಂಗಿಯ ಮನೆಗೆ ಅರಿಶಿನ ಕುಂಕುಮಕ್ಕೆ ಮೂವರೂ ಕಾರಿನಲ್ಲಿ ಹೋಗಿದ್ದರು. ನಾನು ಹೋಗಿರಲಿಲ್ಲ. ಹಿಂತಿರುಗುವಾಗ ಮಳೆ, ಹಿಂದಿನ ಗಾಜು ಭದ್ರವಾಗಿ ಮುಚ್ಚಿತ್ತು. ಗೇಟಿನಲ್ಲಿ ಇಳಿದ ಪಂಕಜೆ ಎರಡು ಹೆಜ್ಜೆ ಇಟ್ಟು ಕುಸಿದಳು. ಸೇತು ಹಿಡಿದುಕೊಳ್ಳದಿದ್ದರೆ ಕಲ್ಲಿನ ಮೇಲೆ ಬೀಳುತ್ತಿದ್ದಳು. ಮುಖ ಕೆಂಪೇರಿತ್ತು. ಕಣ್ಣು ತೆರೆದಿದ್ದರೂ ಮಾತಿಲ್ಲ. ಜಗಲಿಯಲ್ಲಿ ಮಲಗಿಸಿದೆವು. ತಂಪು ಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ, "ಮಾವ, ನೀರು" ಎಂದಳು.

ಡಾಕ್ಟರು ಬಂದು, ರಕ್ತ ಕಡಿಮೆ ಎಂದು ಹೇಳಿ ಟಾನಿಕ್ ಬರೆದರು. ಮಗುವಿನ ಎದೆಬಡಿತ ಕೇಳಲು ಬಹಳ ಹೊತ್ತು ತೆಗೆದುಕೊಂಡರು. ಇದೆ ಎಂದರು.

ಸೀತಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. "ಕೆಟ್ಟ ದೃಷ್ಟಿ. ತಂಗಿ ಮನೇಲಿ ಎಲ್ಲರೂ ಇವಳನ್ನೇ ನೋಡ್ತಿದ್ರು" ಎಂದಳು. ದೃಷ್ಟಿಯನ್ನು ನಾನೂ ನಂಬುವವನೇ. ಆದರೆ ದೃಷ್ಟಿ ಬಿದ್ದವಳು ಬರಿಯ ಗಾಳಿಯಿಂದ ಚೇತರಿಸಿಕೊಳ್ಳುವುದೆಂತು?

ನಾಳೆ ಸರಸ್ವತಿಯ ಆವಾಹನೆ. ಪುಸ್ತಕ, ಲೇಖನಿ ಎಲ್ಲವೂ ಪೂಜೆಗೆ ಸೇರುತ್ತವೆ. ಈ ದಿನಚರಿಯೂ. ವಿಜಯದಶಮಿಯವರೆಗೆ ಬರೆಯುವಂತಿಲ್ಲ.

೧೪ ಅಕ್ಟೋಬರ್, ಬುಧವಾರ, ಆಯುಧಪೂಜೆ. ಮಧ್ಯಾಹ್ನ

ಲೇಖನಿ ದೇವರ ಮುಂದಿದೆ. ಸೇತುವಿನ ಬಡಗಿ ಪೆನ್ಸಿಲಿನಲ್ಲಿ, ಹಳೆಯ ಕಾಗದದ ಮೇಲೆ ಬರೆಯುತ್ತಿದ್ದೇನೆ. ಬರೆಯಬಾರದ ದಿನ. ಆದರೆ ಇಂದು ಇದಕ್ಕಿಂತ ದೊಡ್ಡ ನಿಷೇಧವನ್ನೇ ಮುರಿದು ಕುಳಿತಿದ್ದೇನೆ.

ಬೆಳಿಗ್ಗೆ ಸೇತು ತನ್ನ ಸ್ಪ್ಯಾನರು, ಸುತ್ತಿಗೆ, ಅರಗಳನ್ನು ತೊಳೆದು ಒರೆಸಿ ಮಣೆಯ ಮೇಲೆ ಜೋಡಿಸಿದ. ಅರಿಶಿನ, ಕುಂಕುಮ, ಹೂವು. ಪೂಜೆಯಾಯಿತು. ನಾಳೆ ಬೆಳಿಗ್ಗೆ ಕದಲಿಸುವವರೆಗೆ ಅವುಗಳಿಗೆ ವಿಶ್ರಾಂತಿ.

ಅನಂತರ ಕಾರು. ಎಂಜಿನ್ ತಣ್ಣಗಿತ್ತು. ಬಾನೆಟ್ ಎತ್ತಿಸಿ, ಸಂಧಿಸಂಧಿಗೂ ವಿಭೂತಿ ಕಲಸಿ ಮೂರೆಳೆ ಎಳೆದೆ — ನಾಲ್ಕು ಕೊಳವೆಗಳ ಬುಡಕ್ಕೆ, ಅವು ಕೂಡುವಲ್ಲಿ ಟರ್ಬೊ ಸೇರುವ ಸಂದಿಗೆ. ಪಕ್ಕದ ಮನೆಯ ಅನಂತರಾಮು ನೋಡುತ್ತ ನಿಂತಿದ್ದರು. ಲೆಕ್ಕದ ಆಫೀಸಿನಿಂದ ನಿವೃತ್ತರು. ನಮ್ಮ ಮನೆಯ ಪೂಜೆಗಳಿಗೆಲ್ಲ ಅವರ ವ್ಯಾಖ್ಯಾನ ಉಂಟು.

"ಶಾಮಣ್ಣನೋರೆ, ಕಾರಿಗೆ ಉಪನಯನ ಯಾವಾಗ?"

"ಮೊದಲು ನಿಮಗೆ ಎರಡನೆಯ ಸಲ ಮಾಡಿಸೋಣ. ಹಿಂದಿನದು ಹಿಡಿದಂತಿಲ್ಲ" ಎಂದೆ.

ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು. ಸೇತು ಎಂಜಿನ್ ಚಾಲೂ ಮಾಡಿ, ಗರ್ಜಿಸಿ, ಹಣ್ಣಿನ ಮೇಲೆ ಹಾಯಿಸಿ ನಿಲ್ಲಿಸಿದ. ಮಂಗಳಾರತಿ ಹಿಡಿದು ಬಗ್ಗಿದ ನನ್ನ ಕಣ್ಣು ಎಂಜಿನ್ನಿನ ಮೇಲೆಯೇ ನಿಂತಿತು. ಕೊಳವೆಗಳ ಬುಡದಲ್ಲಿ ವಿಭೂತಿ ಬೆಳ್ಳಗೇ ಇದೆ. ಟರ್ಬೊ ಸಂದಿಯಲ್ಲಿ ಮೂರೆಳೆಯನ್ನೂ ಸೀಳಿಕೊಂಡು ಒಂದು ಕಪ್ಪು ಗೆರೆ.

ಕುಂಕುಮವಾಗಿದ್ದರೆ ಸೀದುಹೋಯಿತೆನ್ನಬಹುದಿತ್ತು. ವಿಭೂತಿ ಸೀಯುವುದಿಲ್ಲ. ಸುಟ್ಟೇ ಆದ ವಸ್ತು ಅದು.

ಒರೆಸಿ ಮತ್ತೆ ಹಚ್ಚಿದೆ. ಮತ್ತೆ ಓಡಿಸೆಂದೆ. ಅದೇ ಸ್ಥಳ, ಅದೇ ಗೆರೆ.

"ಮಸಿ ಅಪ್ಪ. ಎಲ್ಲಿಂದಲೋ ಹಾರಿ ಕೂತಿರುತ್ತೆ" ಎಂದ ಸೇತು.

"ಮಿಕ್ಕ ನಾಲ್ಕು ಕಡೆ ಏಕೆ ಕೂರಲಿಲ್ಲ?"

ಹೊಸ್ತಿಲಲ್ಲಿ ನಿಂತಿದ್ದ ಪಂಕಜೆ ಮೆಲ್ಲಗೆ ಹೇಳಿದಳು: "ಮಾವ, ನಂಗೆ ತಲೆನೋವು ಬರೋದು ಕಾರಲ್ಲಿ ಹಿಂದೆ ಕೂತಾಗ ಮಾತ್ರ. ಹೇಳಿದ್ರೆ ಇವರಿಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಸೇತು ಹಿಂದಿನ ಸೀಟಿನ ಕೆಳಗಿನ ಚಾಪೆ ಎತ್ತಿದ. ನೆಲದ ತಗಡು ತುಕ್ಕು ಹಿಡಿದು ಜರಡಿಯಾಗಿದೆ. ಜಗಲಿಯ ಮೇಲೆ ಕುಳಿತುಬಿಟ್ಟ.

"ಹೊಗೇಲಿ ಒಂದು ವಿಷ ಇರುತ್ತಪ್ಪ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಸೇರ್ಕೊಂಡು ಉಸಿರಿಗೆ ಜಾಗ ಕೊಡಲ್ಲ. ಮುಚ್ಚಿದ ಷೆಡ್ಡಲ್ಲಿ ಎಂಜಿನ್ ಓಡಿಸ್ಬಾರ್ದು ಅಂತ ಕಾರ್ಖಾನೇಲಿ ಬೋರ್ಡು ಬರೆಸಿ ಹಾಕಿದೋನು ನಾನೇ."

ನಾವು ಬಸುರಿಗೆ ಗಾಳಿ ಸೋಕದಂತೆ ಕಾದದ್ದು ಇದಕ್ಕೆ. ಮೈಸೂರಿನವರೆಗೆ ಹೀಗೆಯೇ ಮುಚ್ಚಿ ಕರೆದೊಯ್ದಿದ್ದರೆ — ಮುಂದೆ ಬರೆಯಲಾರೆ.

ಕಾರು ಬೇಡ, ರೈಲಿನಲ್ಲಿ ಕಳುಹಿಸೋಣವೆಂದೆ. ನಾಳೆ ಜಂಬೂಸವಾರಿ, ಮೈಸೂರಿನ ರೈಲಿನಲ್ಲಿ ನಿಲ್ಲಲೂ ಸ್ಥಳವಿರದು, ಹೊಟ್ಟೆಗೆ ಏಟು ಬಿದ್ದೀತು ಎಂದಳು ಸೀತಮ್ಮ. ಟ್ಯಾಕ್ಸಿಯವರು ಹಬ್ಬದ ದಿನ ಬರಲೊಲ್ಲರು; ಅನಂತರಾಮು ತಮ್ಮ ಮನೆಯ ಫೋನಿನಿಂದ ವಿಚಾರಿಸಿ ನೋಡಿದರು. ದಿನ ಮುಂದೂಡಿದರೆ ಎಂಟನೆಯ ತಿಂಗಳು ಕಾಲಿಡುತ್ತದೆ. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತ ತಾಯಿ ದಾರಿ ಕಾಯುತ್ತಿದ್ದಾಳೆ.

ಉಳಿದದ್ದು ಒಂದೇ. ಬಿಚ್ಚಿ ಸರಿಮಾಡುವುದು, ಇಂದೇ. ಆದರೆ ಸ್ಪ್ಯಾನರುಗಳು ದೇವಿಯ ಮುಂದಿವೆ.

ನನಗೆ ಸೋಜಿಗವಾದದ್ದು ಇದು: ಮುಟ್ಟಲಾರೆನೆಂದವನು ಸೇತು. "ಇವತ್ತು ಕಾರ್ಖಾನೇಲಿ ಲೇತ್ ಕೂಡ ತಿರುಗ್ಸಲ್ಲಪ್ಪ. ಹೋದ ವರ್ಷ ಒಬ್ಬ ಮುಟ್ಟಿ ಬೆರಳು ಕಳ್ಕೊಂಡ. ಪಂಕಜಾ ಹೀಗಿರುವಾಗ ನನ್ನ ಕೈಲಾಗಲ್ಲ." ಸಂಧ್ಯಾವಂದನೆ ಬಿಟ್ಟು ಎಷ್ಟು ವರ್ಷವಾಯಿತೋ. ಹೆದರಿಕೆಯೊಂದನ್ನು ಬಿಟ್ಟಿಲ್ಲ.

ಸೀತಮ್ಮನೂ ಅಡ್ಡ ನಿಂತಳು. "ಏನೂಂದ್ರೆ, ಪೂಜೆ ಮಾಡಿದ ಆಯುಧ ಹೊತ್ತಿಗೆ ಮುಂಚೆ ತೆಗೆಯೋದುಂಟೇ? ನೀವೇ ಹೇಳ್ತಿದ್ರಿ."

ಹೇಳುತ್ತಿದ್ದುದು ನಿಜ. ಐವತ್ತು ವರ್ಷ ಹೇಳಿದ್ದೇನೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಯಾವ ಶಾಸ್ತ್ರವಾಕ್ಯವೂ ನೆನಪಿಗೆ ಬರಲಿಲ್ಲ. ಜಗಲಿಯ ಮೇಲೆ ಮಾತಿಲ್ಲದೆ ಮಲಗಿದ್ದ ಪಂಕಜೆಯ ಕಣ್ಣು ಮಾತ್ರ ನೆನಪಿಗೆ ಬಂತು.

ಆಚಮನ ಮಾಡಿ ಕುಳಿತೆ. ದೇವಿಯ ಕಲಶವನ್ನು ಹಾಗೆಯೇ ಬಿಟ್ಟು, ಆಯುಧಗಳಿಗೆ ಮಾತ್ರ ಉತ್ತರಪೂಜೆ ಮಾಡಿ, ಮಣೆಯನ್ನು ಉತ್ತರಕ್ಕೆ ಕೊಂಚ ಕದಲಿಸಿದೆ. ದೊಡ್ಡ ಸ್ಪ್ಯಾನರನ್ನು ನಾನೇ ಎತ್ತಿದೆ. ನೆನಸಿದ್ದಕ್ಕಿಂತ ಭಾರ. ಕುಂಕುಮ ಸಮೇತ ಸೇತುವಿನ ಕೈಗಿಟ್ಟು, "ದೋಷವಿದ್ದರೆ ಎತ್ತಿದವನಿಗೆ. ನೀನು ಬಿಚ್ಚು" ಎಂದೆ.

ಷೆಡ್ಡಿನಲ್ಲಿ ಈಗ ನಟ್ಟು ಬಿಡಿಸುವ ಸದ್ದು ಕೇಳುತ್ತಿದೆ.

ಅದೇ ದಿನ, ದೀಪ ಹಚ್ಚಿದ ಮೇಲೆ

ಟರ್ಬೊವಿನ ಭಾರಕ್ಕೆ, ಕಾವಿಗೆ, ಹೆಡರಿನ ಬಾಯಿ ಡೊಂಕಾಗಿತ್ತು. ನಡುವೆ ಸಂದಿ ಮುಚ್ಚುವ ತೆಳು ಹಾಳೆ, ಗ್ಯಾಸ್ಕೆಟ್, ಒಂದು ಕಡೆ ಸುಟ್ಟು ಹರಿದಿತ್ತು. ಹೊಸದು ಸೇತುವಿನ ಬಳಿ ಇತ್ತು. ಆದರೆ ಬಾಯಿ ಸಮತಟ್ಟಾಗದೆ ಹೊಸದನ್ನು ಇಟ್ಟು ಫಲವಿಲ್ಲ.

"ಎಷ್ಟು ಅರ ಹಾಕಿದರೂ ಸಮ ಆಯ್ತೋ ಇಲ್ವೋ ಗೊತ್ತಾಗ್ಬೇಕಲ್ಲ. ಕಾರ್ಖಾನೆಗೆ ಬೀಗ. ಚಪ್ಪಟೆಯಾಗಿರೋದು ಏನಾದ್ರೂ ಬೇಕು" ಎಂದು ಸುತ್ತ ನೋಡಿದ. ಅವನ ಕಣ್ಣು ಗೊಂಬೆಗಳತ್ತ ಹೋಯಿತು. ಎಲ್ಲರ ಕಣ್ಣೂ ಸೀತಮ್ಮನತ್ತ ಹೋದವು.

ಅವಳು ಪಟ್ಟದ ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಕೆಳಗಿನ ಹಂತಕ್ಕೆ ಇಳಿಸಿ, ಗಾಜಿನ ಹಲಗೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಗೀರು ಬಿದ್ರೆ ನಿನ್ನ ಮಾವನ ಹತ್ರ ಹೊಸದು ಕೇಳ್ತೀನಿ."

ಪಂಕಜೆಯ ಭರಣಿಯಿಂದ ಕಾಡಿಗೆ. ಅದನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಲೋಹದ ಬಾಯಿಯನ್ನು ಅದರ ಮೇಲೆ ಮೆಲ್ಲಗೆ ಉಜ್ಜಿದ. ಉಬ್ಬಿದ್ದ ಕಡೆ ಮಾತ್ರ ಕಪ್ಪು ಹತ್ತಿತು. ಅಷ್ಟನ್ನು ಅರದಿಂದ ತೆಗೆಯುವುದು, ಮತ್ತೆ ಗಾಜಿಗೆ ಒತ್ತುವುದು. ಕೊನೆಗೆ ಬಾಯಿಯ ಸುತ್ತಲೂ ಎಡೆಬಿಡದೆ ಕಾಡಿಗೆ ಹತ್ತಿತು. ಗ್ಯಾಸ್ಕೆಟ್ ಇಟ್ಟು, ಎದುರುಬದುರಾಗಿ ನಟ್ಟುಗಳನ್ನು ಬಿಗಿದ. ಟರ್ಬೊವಿನ ಕೆಳಗೆ ಕಬ್ಬಿಣದ ಪಟ್ಟಿಯ ಆಸರೆ ಕೊಟ್ಟ. "ಮೊದಲೇ ಕೇಳಿದ್ರಿ" ಎಂದ, ತಲೆ ಎತ್ತದೆ. ಹಿಂದಿನ ತೂತುಗಳಿಗೆ ತಗಡು ಹೊಡೆದ.

ವಿಭೂತಿ ಹಚ್ಚಿದೆ. ಓಡಿಸಿದ. ಲಾಟೀನು ಹಿಡಿದು ನೋಡಿದೆ. ಬಿಳುಪು.

ಆದರೂ ಅವನಿಗೆ ಸಮಾಧಾನವಿಲ್ಲ. ಹೊಸ ಗ್ಯಾಸ್ಕೆಟ್ ರಸ್ತೆಯ ಕಾವಿಗೆ ಕುಗ್ಗುತ್ತದಂತೆ. ದೂರ ಓಡಿ, ಆರಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕಂತೆ. "ಒಂದು ದಿನ ಸಿಕ್ಕಿದ್ರೆ ಓಡಿಸಿ ನೋಡ್ತಿದ್ದೆ." ನಾನು ಪಂಚಾಂಗ ತೆಗೆದೆ. ಮುಚ್ಚಿದೆ. ಆ ಒಂದು ದಿನವನ್ನು ಕೊಡಲು ನನ್ನಿಂದಾಗಲಿಲ್ಲ. ಇಂದು ಒಂದು ನಿಯಮ ಮುರಿದವನಿಗೆ ಎರಡನೆಯದಕ್ಕೆ ಧೈರ್ಯ ಸಾಲಲಿಲ್ಲ.

೧೫ ಅಕ್ಟೋಬರ್, ಗುರುವಾರ, ವಿಜಯದಶಮಿ. ಬೆಳಿಗ್ಗೆ

ಲೇಖನಿ ಕೈಗೆ ಬಂತು.

ಹೊರಟರು. ಸೇತು, ಪಂಕಜೆ, ಜೊತೆಗೆ ಸೀತಮ್ಮ. ನಾನು ಪೂಜೆಗೆ ಉಳಿದೆ.

ಅವರು ಹೊರಡುವ ಮುನ್ನ, ಯಾರೂ ಕಾಣದಂತೆ ಹಿಂದಿನ ಎರಡೂ ಗಾಜುಗಳನ್ನು ಪೂರ್ತಿ ಇಳಿಸಿ, ತಿರುಗಿಸುವ ಹಿಡಿಗಳನ್ನು ಬಿಚ್ಚಿ ತೆಗೆದುಕೊಂಡೆ. ಒಂದೊಂದೇ ತಿರುಪು. ದೇವರ ಪೆಟ್ಟಿಗೆಯಲ್ಲಿ ಘಂಟೆಯ ಪಕ್ಕದಲ್ಲಿವೆ. ಸೀತಮ್ಮನ ಗಾಳಿಯ ಭಯವನ್ನು ನಾನು ಬಲ್ಲೆ. ಮೊನ್ನೆಯವರೆಗೆ ನನ್ನದೂ ಅದೇ ಆಗಿತ್ತು.

ತಿರುವಿನಲ್ಲಿ ಅವಳ ಕೂಗು ಕೇಳಿಸಿತು: "ಸೇತು, ಈ ಗಾಜು ಯಾಕೋ ಏರ್ತಾ ಇಲ್ಲ—" ಸೇತು ನಿಲ್ಲಿಸಲಿಲ್ಲ. ಮುಹೂರ್ತ ಮೀರುತ್ತದೆಂದು ನಾನೇ ಅವಸರಪಡಿಸಿದ್ದೆ.

ಮಧ್ಯಾಹ್ನ

ಸುದ್ದಿಯಿಲ್ಲ. ಜಪಕ್ಕೆ ಕುಳಿತೆ, ಮಣಿ ತಪ್ಪಿತು. ಬನ್ನಿಮರದ ಪೂಜೆಗೆ ಕರೆಯಲು ಬಂದವರನ್ನು ಹಿಂದಕ್ಕೆ ಕಳುಹಿಸಿದೆ. ಅನಂತರಾಮು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ. ಇಂದು ಒಂದು ಹಾಸ್ಯವನ್ನೂ ಆಡಲಿಲ್ಲ. ಅದರಿಂದ ಇನ್ನಷ್ಟು ಭಯವಾಯಿತು.

ಸಂಜೆ

ಟ್ರಂಕ್ ಕಾಲ್ ಬಂತು. ಅನಂತರಾಮು ಕಾಂಪೌಂಡಿನ ಆಚೆಯಿಂದಲೇ: "ಸೇರಿದ್ರಂತೆ ಶಾಮಣ್ಣನೋರೆ. ಎಲ್ಲ ಕ್ಷೇಮವಂತೆ. ಸೀತಮ್ಮನೋರು ಮಾತ್ರ ನಿಮ್ಮ ಮೇಲೆ ಕೆಂಡವಂತೆ. ಏನು ಮಾಡಿದ್ರಿ?"

"ಹೊಸದೇನೂ ಇಲ್ಲ" ಎಂದೆ. ಒಳಗೆ ಬಂದು ದೇವರ ಮುಂದೆ ದೀಪ ಹಚ್ಚಿದೆ.

೧೭ ಅಕ್ಟೋಬರ್, ಶನಿವಾರ, ಸಂಜೆ

ಬಂದರು. ಸೀತಮ್ಮ ಕೆಮ್ಮುತ್ತಲೇ ಇಳಿದಳು.

"ಹಿಡಿ ಕಿತ್ತೋರು ಯಾರು ಅಂತ ಕೇಳೋದೇ ಬೇಡ. ದಾರಿಯುದ್ದಕ್ಕೂ ಧೂಳು. ಎರಡು ಶಾಲನ್ನೂ ಅವಳಿಗೇ ಹೊದೆಸಿ ನಾನು ಹೀಗಾದೆ. ಮಂಡ್ಯದಲ್ಲಿ ಒಬ್ಬ ಸೀಬೆಹಣ್ಣಿನೋನು ಕಿಟಕಿಯೊಳಗೇ ಬುಟ್ಟಿ ಇಟ್ಟ."

"ಪಂಕಜೆಗೆ ತಲೆನೋವು?"

"ಇಲ್ಲ. ಆ ಸೀಬೆಹಣ್ಣೆಲ್ಲ ತಿಂದಿದ್ದು ಅವಳೇ."

ಸೇತು ಬಾನೆಟ್ ಎತ್ತಿದ. ನನ್ನನ್ನು ಕರೆದ. ಮೈಸೂರಿಗೆ ಹೊರಡುವ ಹಿಂದಿನ ರಾತ್ರಿ ನಾನು ಎಳೆದಿದ್ದ ಮೂರೆಳೆಯನ್ನು ಅವನು ಒರೆಸಿರಲಿಲ್ಲ. ಮೂರೂ ಕಪ್ಪಾಗಿದ್ದವು.

"ಮಂಡ್ಯ ದಾಟಿದ ಮೇಲೆ ಸದ್ದು ಕೇಳಿಸ್ತಪ್ಪ. ನಿಲ್ಲಿಸಿ ನೋಡಿದೆ. ನಟ್ಟು ಸಡಿಲ ಆಗಿತ್ತು. ಎಲ್ಲಿಂದ ಸೋರ್ತಾ ಬಂತೋ ಗೊತ್ತಿಲ್ಲ. ತಗಡಿನ ಅಂಚಲ್ಲೂ ಮಸಿ ಇತ್ತು. ಮರದ ನೆರಳಲ್ಲಿ ಆರಿಸಿ ಬಿಗಿದು ಮುಂದೆ ಹೋದ್ವಿ. ಅಮ್ಮ ಪೂರ್ತಿ ದಾರಿ ನಿಮ್ಮನ್ನ ಬೈತಿದ್ರು. ಆ ತೆರೆದ ಗಾಜೇ ಕಾಪಾಡಿದ್ದು ಅಂತ ನಾನು ಬಾಯಿ ಬಿಡಲಿಲ್ಲ."

ಅವನು ನನ್ನ ಪಾದ ಮುಟ್ಟಲಿಲ್ಲ, ಅಂಥವನಲ್ಲ. ಬಾನೆಟ್ಟಿನ ಮೇಲಿದ್ದ ನನ್ನ ಕೈಯ ಪಕ್ಕದಲ್ಲಿ ಮಸಿ ಹತ್ತಿದ ತನ್ನ ಕೈಯನ್ನು ಇಟ್ಟು ನಿಂತ.

ಪುನಃ ಎಲ್ಲವನ್ನೂ ಬಿಚ್ಚಿ ಕೂಡಿಸುತ್ತಾನಂತೆ. ಬಾಣಂತಿ, ಮಗು ಇದರಲ್ಲೇ ಹಿಂತಿರುಗಬೇಕಂತೆ. ಗಾಜಿನ ಹಲಗೆಯನ್ನು ಸೀತಮ್ಮ ತಾನಾಗಿಯೇ ಷೆಡ್ಡಿಗೆ ಕಳುಹಿಸಿದಳು. ಗೀರು ಬಿದ್ದಿದೆ, ಇನ್ನು ಗೊಂಬೆಗೆ ಆಗುವುದಿಲ್ಲ ಎಂದಳು. ನೋಡಿದೆ. ಒಂದು ಗೀರೂ ಇರಲಿಲ್ಲ.

ಕಿಟಕಿಯ ಹಿಡಿಗಳನ್ನು ಇಬ್ಬರೂ ಕೇಳಿಲ್ಲ. ನಾನೂ ಕೊಟ್ಟಿಲ್ಲ.

ಸೂರ್ಯ ಇಳಿಯುತ್ತಿದ್ದಾನೆ. ಅರ್ಘ್ಯಕ್ಕೆ ಏಳಬೇಕು. ಷೆಡ್ಡಿನಿಂದ ಸೇತು ಕೂಗುತ್ತಿದ್ದಾನೆ: "ಅಪ್ಪ, ಎಂಜಿನ್ ಆರಿದೆ. ವಿಭೂತಿ ತರ್ತೀರಾ?"

ಭಸ್ಮದ ಬಟ್ಟಲು ಇಲ್ಲಿಯೇ ಎಲ್ಲೋ ಇರಬೇಕು.